ರಿಕ್ಷಾದವನು ಮುಟ್ಟಿಸಿದ ಮಾತು

“ಗುರುಗಳೇ, ಇಬ್ಬರ ನಡುವೆ ಮುರಿದ ಮಾತನ್ನು ಮೂರನೆಯವನು ಕೂಡಿಸಬಲ್ಲನೇ?” ಎಂದು ಶಿಷ್ಯ ಕೇಳಿದ.

ಗುರು ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತದೆ, “ಯಾರಿಬ್ಬರು?” ಎಂದರು.

“ನಮ್ಮೂರಲ್ಲಿ ಒಬ್ಬ ಮನುಷ್ಯ ಇದ್ದಾನೆ. ಅವನೂ ನಾನೂ ಒಟ್ಟಿಗೆ ಬೆಳೆದವರು. ಈಗ ಮಾತಿಲ್ಲ. ಆ ಮನುಷ್ಯ ಹಾಸಿಗೆ ಹಿಡಿದಿದ್ದಾನೆ ಎಂದು ಸುದ್ದಿ ಬಂದಿದೆ. ನಾಳೆ ತಾವು ಆ ಕಡೆಗೇ ಹೊರಟಿದ್ದೀರಿ. ನನ್ನದೊಂದು ಮಾತನ್ನು ಅವನಿಗೆ ಮುಟ್ಟಿಸಿದರೆ ದೊಡ್ಡ ಉಪಕಾರವಾಗುತ್ತದೆ.”

“ಓಹೋ! ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ನನ್ನನ್ನೇ ಟಪಾಲಿನವನನ್ನಾಗಿ ಮಾಡಿದೆ. ಭೇಷ್!” ಎಂದರು ಗುರು. “ಕೂತುಕೋ. ಕೈ ಕಟ್ಟಿಕೊಂಡು ಕೂರಬೇಡ, ನೀನೂ ಬೀಜ ಬಿಡಿಸು. ಒಂದು ಕತೆ ಹೇಳುತ್ತೇನೆ.”

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೊಬ್ಬಳು ಹೆಂಡತಿ. ಗಂಡ ಒಳ್ಳೆಯವನು, ಹೆಂಡತಿಯೂ ಒಳ್ಳೆಯವಳು. ಒಳ್ಳೆಯವರ ಜಗಳ ಇದೆಯಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬೇರೆಯವರಾದರೆ ಬಾಯಿಗೆ ಬಂದಂತೆ ಬೈದಾಡಿ, ಸಂಜೆಗೆ ಒಟ್ಟಿಗೆ ಉಣ್ಣುತ್ತಾರೆ. ಒಳ್ಳೆಯವರು ಸುಮ್ಮನಾಗಿಬಿಡುತ್ತಾರೆ.

ಒಂದು ಮದುವೆಯ ಊಟ. ಪಂಕ್ತಿಯಲ್ಲಿ ಕೂತ ವ್ಯಾಪಾರಿ ನಾಲ್ಕು ಜನರ ಮುಂದೆ ಹೆಂಡತಿಯ ತವರನ್ನು ಆಡಿಕೊಂಡ. “ಇವಳ ತವರಿನವರು ಪಾಯಸಕ್ಕೆ ಬೆಲ್ಲ ತೋರಿಸಿ ಎತ್ತಿಟ್ಟುಕೊಳ್ಳುವ ಜನ” ಎಂದ. ಪಂಕ್ತಿಯೆಲ್ಲ ನಕ್ಕಿತು. ನೀರು ಬಡಿಸುತ್ತಿದ್ದ ಅವಳು ಚೊಂಬು ಕೆಳಗಿಟ್ಟು ಒಳಗೆ ಹೋದಳು. ಅಂದಿನಿಂದ ಗಂಡನೊಡನೆ ಮಾತು ಬಿಟ್ಟಳು. ತಪ್ಪಾಯಿತು ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ತಮಾಷೆಗೆ ಅಂದದ್ದಕ್ಕೆ ಇಷ್ಟೊಂದು ಬಿಗುಮಾನವೇ ಎಂದು ಅವನೂ ಮಾತು ಬಿಟ್ಟ.

ಆದರೆ ಮನೆ ಎಂದಮೇಲೆ ಮಾತು ಬೇಕಲ್ಲ? ಅವಳು ಕೆಲಸದಾಕೆಗೆ ಹೇಳುವಳು, “ಅವರಿಗೆ ಹೇಳು, ಊಟಕ್ಕೆ ಏಳಲಿ ಅಂತ.” ಅವನೂ ಆ ಕೆಲಸದಾಕೆಗೇ ಹೇಳುವನು, “ಒಳಗೆ ಹೇಳು, ಹಸಿವಿಲ್ಲ ಅಂತ.” ಇಬ್ಬರೂ ನಿಂತಿರುತ್ತಿದ್ದದ್ದು ಒಂದೇ ನಡುಮನೆಯಲ್ಲಿ. ಕೆಲಸದಾಕೆ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಕತ್ತು ತಿರುಗಿಸಿ ತಿರುಗಿಸಿ ಬೇಸತ್ತು, ಕೊನೆಗೆ ಬೇರೆ ಮನೆ ನೋಡಿಕೊಂಡಳು. ಅವಳು ಹೋದಮೇಲೆ ಆ ಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಉಳಿಯಿತು. ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಬಂದು ಕರೆದುಕೊಂಡು ಹೋಗು ಎಂದು ಅಣ್ಣನಿಗೆ ಹೇಳಿ ಕಳಿಸಿದಳು.

ಅಣ್ಣ ಹತ್ತಿರದ ನಗರದ ಬಸ್ ನಿಲ್ದಾಣಕ್ಕೆ ಬರುವುದು, ಗಂಡ ಅಲ್ಲಿಯವರೆಗೆ ತಂದು ಬಿಡುವುದು, ಸಂಜೆಯ ಬಸ್ಸಿಗೆ ಅವಳು ತವರಿಗೆ ಹೋಗುವುದು ಎಂದು ಹಿರಿಯರು ತೀರ್ಮಾನಿಸಿದರು. ಹಾಗೆ ಹೋದವಳು ತಿರುಗಿ ಬರುವುದಿಲ್ಲ ಎಂಬುದು ಹಿರಿಯರಿಗೂ ಗೊತ್ತಿತ್ತು, ಅವರಿಬ್ಬರಿಗೂ ಗೊತ್ತಿತ್ತು. ಬೇಡ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.

ನಗರದಲ್ಲಿ ಇಳಿದಾಗ ಇನ್ನೂ ಮಧ್ಯಾಹ್ನ. ಆ ನಗರದ ನಡುವೆ ಒಂದು ದೊಡ್ಡ ಉದ್ಯಾನ. ಮದುವೆಯ ಹೊಸತರಲ್ಲಿ ವ್ಯಾಪಾರಿ, “ನಿನಗೆ ಆ ಉದ್ಯಾನ ತೋರಿಸ್ತೀನಿ” ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಅಂಗಡಿ, ಅಂಗಡಿ ಎಂದು ಮುಂದೂಡುತ್ತ ಬಂದಿದ್ದ. ಈಗ ನೆನಪಾಯಿತು ನೋಡು, ಪುಣ್ಯಾತ್ಮನಿಗೆ! ಕೊಟ್ಟ ಮಾತನ್ನಾದರೂ ತೀರಿಸಿ ಕಳಿಸೋಣ ಎಂದುಕೊಂಡು ಉದ್ಯಾನದ ಬಾಗಿಲಲ್ಲಿ ಒಂದು ಸೈಕಲ್ ರಿಕ್ಷಾ ಗೊತ್ತು ಮಾಡಿದ. ಬೇರೆ ಯಾರನ್ನೂ ಹತ್ತಿಸಿಕೊಳ್ಳದೆ, ಇವರಿಬ್ಬರನ್ನೇ ಕೂರಿಸಿಕೊಂಡು ಉದ್ಯಾನವನ್ನೆಲ್ಲ ಸುತ್ತಿಸಿ, ಇದು ಇಂಥದ್ದು ಎಂದು ವಿವರಿಸುವ ರಿಕ್ಷಾ ಅದು.

ರಿಕ್ಷಾದವನು ಬಾಯಿಬಡುಕ. ಅವನು ಹೇಳುವುದರಲ್ಲಿ ಅರ್ಧ ನಿಜ, ಅರ್ಧ ಅವನದೇ ಸೃಷ್ಟಿ. ಇವರನ್ನು ನೋಡಿದವನೇ, “ಬನ್ನಿ ಬನ್ನಿ, ಹೊಸ ಜೋಡಿ ಥರ ಇದ್ದೀರಿ” ಎಂದ. ಇಬ್ಬರೂ ನಗಲಿಲ್ಲ. ರಿಕ್ಷಾದ ಸೀಟು ಇಕ್ಕಟ್ಟು, ಭುಜಕ್ಕೆ ಭುಜ ತಾಗದೆ ಕೂರುವಂತಿಲ್ಲ. ಆದರೂ ಅವಳು ಆ ತುದಿಗೆ ಕೂತಳು, ಅವನು ಈ ತುದಿಗೆ ಕೂತ. ನಡುವೆ ಅವಳ ಬಟ್ಟೆಗಂಟನ್ನು ಇಟ್ಟುಕೊಂಡರು.

“ಇದು ರಾಜರ ಕಾಲದ ಆಲದ ಮರ,” ಎಂದು ರಿಕ್ಷಾದವನು ಪೆಡಲು ತುಳಿಯುತ್ತ ಶುರುಮಾಡಿದ. “ಇದರ ಕೆಳಗೆ...”

“ಅವರಿಗೆ ಹೇಳಪ್ಪ, ಆ ಕಡೆ ಬಿಸಿಲು, ಛತ್ರಿ ಬಿಚ್ಚಿಕೊಳ್ಳಲಿ ಅಂತ,” ಎಂದಳು ಹೆಂಡತಿ.

“ಯಾರಿಗಮ್ಮ?”

“ಇಲ್ಲಿ ಕೂತಿದ್ದಾರಲ್ಲ, ಅವರಿಗೆ.”

“ಬೇಡ ಅಂತ ಹೇಳು,” ಎಂದ ವ್ಯಾಪಾರಿ.

ರಿಕ್ಷಾದವನು ಮುಂದೆ ನೋಡುತ್ತಲೇ, “ಅಮ್ಮಾ, ಬೇಡವಂತೆ,” ಎಂದ. ಆಲದ ಮರದ ಕತೆ ಅಲ್ಲಿಗೇ ನಿಂತಿತು.

ಮುಂದೆ ಒಂದು ಕೊಳ ಬಂತು. ಈ ಕೊಳದಲ್ಲಿ ರಾಣಿಯ ಮೂಗುತಿ ಬಿದ್ದುಹೋಯಿತು, ಅದನ್ನು ಒಂದು ಮೀನು ನುಂಗಿತು, ಈಗ ಇರುವುದೆಲ್ಲ ಅದೇ ಮೀನಿನ ಮರಿಮೊಮ್ಮಕ್ಕಳು ಎಂದು ಅವನು ಒಳ್ಳೆಯ ರಂಗಿನಲ್ಲಿ ಹೇಳುತ್ತಿದ್ದ. ಹೆಂಡತಿ ನಡುವೆ ಬಾಯಿ ಹಾಕಿದಳು. “ಅವರಿಗೆ ಹೇಳಪ್ಪ, ಸಂಜೆ ಬಸ್ಸಿಗೆ ಅಣ್ಣ ಕಾಯ್ತಾನೆ, ತಡ ಆಗಬಾರದು ಅಂತ. ಇವತ್ತೊಂದು ದಿನ ಸಹಿಸಿಕೊಳ್ಳಲಿ. ನಾಳೆಯಿಂದ ಈ ಮುಖ ನೋಡೋ ಕಷ್ಟ ಅವರಿಗಿಲ್ಲ.”

ರಿಕ್ಷಾದವನ ಕಾಲು ಪೆಡಲಿನ ಮೇಲೆ ನಿಂತಿತು. ಇಂಥ ಮಾತನ್ನು ಹೇಗೆ ಮುಟ್ಟಿಸುವುದು? “ಸ್ವಾಮೀ, ಕೇಳಿಸಿತಲ್ಲ?” ಎಂದ. ವ್ಯಾಪಾರಿ ಕೊಳದ ಕಡೆ ಮುಖ ತಿರುಗಿಸಿ, “ಕೇಳಿಸಿತು ಅಂತ ಹೇಳು,” ಎಂದ.

“ಶಿವನೇ!” ಎಂದ ರಿಕ್ಷಾದವನು. “ನಾನು ರಿಕ್ಷಾ ತುಳೀಲೋ, ಉದ್ಯಾನ ತೋರಿಸಲೋ, ನಿಮ್ಮ ಟಪಾಲು ಹೊರಲೋ?”

ಉದ್ಯಾನದ ನಡುವೆ ಒಂದು ದಿಬ್ಬ. ಇಬ್ಬರನ್ನೂ ಕೂರಿಸಿಕೊಂಡು ಏರು ಹತ್ತಿಸಲಾಗದು, ಒಬ್ಬರು ಇಳಿಯಬೇಕು ಎಂದು ರಿಕ್ಷಾದವನು ಹೇಳಿದ. ವ್ಯಾಪಾರಿ ಇಳಿದ. ಇಳಿದವನು ಸುಮ್ಮನೆ ನಡೆದು ಬರಲಿಲ್ಲ, ಹಿಂದಿನಿಂದ ರಿಕ್ಷಾ ತಳ್ಳಿದ. ಹೆಂಡತಿಗೆ ಅದು ತಿಳಿಯಿತು. ತಿರುಗಿ ನೋಡಬೇಕೆನ್ನಿಸಿತು, ನೋಡಲಿಲ್ಲ. ನೆತ್ತಿ ದಾಟಿದ್ದೇ ತಡ ರಿಕ್ಷಾ ಇಳಿಜಾರಿನಲ್ಲಿ ಓಡಿತು. ಕೆಳಗೆ ನಿಲ್ಲಿಸಿ ಕಾದರು. ವ್ಯಾಪಾರಿ ಬರಲಿಲ್ಲ. ದಿಬ್ಬದ ಮೇಲೆ ದಾರಿ ಕವಲೊಡೆದಿತ್ತು, ಅವನು ಇನ್ನೊಂದು ದಾರಿ ಹಿಡಿದಿದ್ದ.

ಈಗ ಹೆಂಡತಿ ತಿರುಗಿ ನೋಡಿದಳು. ಗಂಡನಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಮಾತ್ರೆ ನುಂಗಿದ್ದ, ಊಟ ಮಾಡಿರಲಿಲ್ಲ. ಏಳಿ ಎನ್ನಲು ಅವಳಿಗೆ ಬಾಯಿರಲಿಲ್ಲ, ಬಡಿಸು ಎನ್ನಲು ಅವನಿಗೆ ಬಾಯಿರಲಿಲ್ಲ, ನಡುವೆ ಹೇಳಲು ಕೆಲಸದಾಕೆ ಇರಲಿಲ್ಲ. ಬರಿಹೊಟ್ಟೆಯಲ್ಲಿ ದಣಿದರೆ ಅವನಿಗೆ ಬವಳಿ ಬರುತ್ತಿತ್ತು. ಹಿಂದೊಮ್ಮೆ ಅಂಗಡಿಯಲ್ಲೇ ಬಿದ್ದು ಪ್ರಾಣಕ್ಕೆ ಬಂದಿತ್ತು. ಆಗಿನಿಂದ ಅವಳ ಸೆರಗಿನ ತುದಿಯಲ್ಲಿ ಸದಾ ಒಂದು ತುಂಡು ಬೆಲ್ಲ ಕಟ್ಟಿರುತ್ತಿತ್ತು. ಮಾತು ಬಿಟ್ಟಿದ್ದಳೇ ಹೊರತು ಆ ಗಂಟನ್ನು ಬಿಟ್ಟಿರಲಿಲ್ಲ. ಅಂದು ಹೊರಡುವಾಗಲೂ ಕಟ್ಟಿಕೊಂಡೇ ಬಂದಿದ್ದಳು.

“ಕೂಗಪ್ಪ! ಜೋರಾಗಿ ಕೂಗು!” ಎಂದಳು.

“ಯಜಮಾನರೇ!” ಎಂದು ರಿಕ್ಷಾದವನು ಕೂಗಿದ. ಹುಲ್ಲಿನ ಮೇಲೆ ಕೂತಿದ್ದ ಯಜಮಾನರೆಲ್ಲ ತಲೆ ಎತ್ತಿದರು. “ಸಾಹುಕಾರರೇ!” ಎಂದ. ಸಾಹುಕಾರರಲ್ಲದವರೂ ತಿರುಗಿದರು. ಅವಳು ನಾಚಿಕೆ ಬಿಟ್ಟು ತಾನೇ “ರೀ!” ಎಂದು ಕೂಗಿದಳು. ಅಯ್ಯೋ, ಹಾಗೆ ಕೂಗಬಹುದೇ? ‘ರೀ’ ಎಂದರೆ ಬೆಚ್ಚಿ ತಿರುಗದ ಗಂಡ ನಮ್ಮ ಸೀಮೆಯಲ್ಲಿ ಯಾರಿದ್ದಾನೆ? ಉದ್ಯಾನದಲ್ಲಿದ್ದ ಗಂಡಂದಿರೆಲ್ಲ ಏನು ತಪ್ಪು ಮಾಡಿದೆವೋ ಎಂದು ತಿರುಗಿದರು. ಅವಳ ಗಂಡ ಮಾತ್ರ ಅವರಲ್ಲಿರಲಿಲ್ಲ.

“ಹೀಗಾದರೆ ಆಗಲ್ಲಮ್ಮ. ಅವರ ಹೆಸರು ಹೇಳಿ, ಕೂಗ್ತೀನಿ,” ಎಂದ ರಿಕ್ಷಾದವನು.

“ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಮ್ಮಿಯಾಗುತ್ತಪ್ಪ.”

“ಅಲ್ಲಮ್ಮ, ಸಂಜೆಗೆ ಅವರನ್ನು ಬಿಟ್ಟು ಹೋಗೋರು ನೀವು. ಅವರ ಆಯಸ್ಸು ನಿಮಗೆ ಯಾಕೆ?”

ಅವನು ಚುಚ್ಚಲೆಂದು ಕೇಳಿದ್ದಲ್ಲ, ಅರ್ಥವಾಗದೆ ಕೇಳಿದ್ದು. ಅವಳಿಗೆ ಅಷ್ಟು ದಿನ ಬಾರದ ಅಳು ಬಂತು.

ಆ ಹೆಸರನ್ನು ಅವಳು ಜೀವಮಾನದಲ್ಲಿ ಒಮ್ಮೆ ಮಾತ್ರ ಹೇಳಿದ್ದಳು. ಮದುವಣಗಿತ್ತಿಯಾಗಿ ಗಂಡನ ಮನೆ ಹೊಗುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳು, ಒಳಗೆ ಬಿಡ್ತೀವಿ ಎಂದು ಹಟ ಹಿಡಿದಿದ್ದರು. ಆಗ ಅಜ್ಜಿ ಹೇಳಿಕೊಟ್ಟಿದ್ದ ಪದ್ಯದಲ್ಲಿ ಸೇರಿಸಿ ಹೇಳಿದ್ದಳು. ಪದ್ಯದಲ್ಲಿ ಹೇಳಿದರೆ ದೋಷವಿಲ್ಲವಂತೆ. ಅದು ನೆನಪಾದದ್ದೇ ಅವಳು ರಿಕ್ಷಾದ ಮೇಲೆ ಎದ್ದು ನಿಂತಳು. ಗಂಟಲು ಹರಿಯುವಂತೆ ಕೂಗಿದಳು.

“ಹೊಸಿಲ ಮೇಲೆ ಅಕ್ಕಿ ಸೇರು, ಸೇರಿನ ಮೇಲೆ ಬೆಲ್ಲದಚ್ಚು!
ಎಲ್ಲರಿಗಿಂತ ನನಗೆ ಪುಟ್ಟಮಲ್ಲಪ್ಪನವರೇ ಅಚ್ಚುಮೆಚ್ಚು!”

ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗಲಿ ಬಿಡು. ಮದುವೆ ಊಟದಲ್ಲಿ ನಕ್ಕಾಗ ಬೆಂದುಹೋದವಳು ಈಗ ನಗುವವರ ಕಡೆ ನೋಡಲೇ ಇಲ್ಲ. ಕಿವಿಗೊಟ್ಟು ನಿಂತಳು. ಬಿದಿರುಮೆಳೆಯ ಆಚೆಯಿಂದ ಸಣ್ಣ ದನಿಯಲ್ಲಿ ಉತ್ತರ ಬಂತು.

“ಓ!”

ವ್ಯಾಪಾರಿ ಬೆವರಿ ಒದ್ದೆಯಾಗಿ ಒಂದು ಕಲ್ಲುಬೆಂಚಿಗೆ ಒರಗಿ ಕುಸಿದಿದ್ದ. ಯಜಮಾನರೇ ಎಂದದ್ದು ಅವನಿಗೂ ಕೇಳಿಸಿತ್ತು, ಯಾರನ್ನೋ ಎಂದುಕೊಂಡಿದ್ದ. ‘ರೀ’ ಎಂದದ್ದೂ ಕೇಳಿಸಿತ್ತು. ತನ್ನನ್ನು ಹಾಗೆ ಕರೆಯುವವರು ಇನ್ನು ಯಾರೂ ಇಲ್ಲ ಎಂದುಕೊಂಡು ಸುಮ್ಮನಿದ್ದ. ಹೆಸರು ಕೇಳಿದ ಮೇಲೆ ಓಗೊಟ್ಟ. ಅವಳು ಓಡಿಬಂದು, ಸೆರಗಿನ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿ, ಬೆಲ್ಲವನ್ನು ಅವನ ಬಾಯಿಗಿಟ್ಟಳು. ತುಸು ಹೊತ್ತಿಗೆ ಅವನ ಕಣ್ಣಿಗೆ ಬೆಳಕು ಬಂತು. ಬೆಲ್ಲ ಚೀಪುತ್ತಲೇ ಅತ್ತ.

“ತಪ್ಪಾಯ್ತು ಕಣೇ,” ಎಂದ. “ಅವತ್ತೇ ಹೇಳಬೇಕಿತ್ತು.”

ಹಿಂದೆ ಬಂದು ನಿಂತಿದ್ದ ರಿಕ್ಷಾದವನು ರೂಢಿಯ ಮೇಲೆ, “ಅಮ್ಮಾ, ತಪ್ಪಾಯ್ತಂತೆ,” ಎಂದ.

“ನನಗೂ ಕಿವಿ ಇದೆಯಪ್ಪ,” ಎಂದಳು ಅವಳು. ಆಮೇಲೆ ಕಣ್ಣೊರೆಸಿಕೊಂಡು ಗಂಡನಿಗೇ ಹೇಳಿದಳು. “ನನ್ನ ತವರಿನ ಬೆಲ್ಲ, ಪೂರ್ತಿ ತಿನ್ನಿ. ಪಾಯಸಕ್ಕೆ ತೋರಿಸಿ ಎತ್ತಿಟ್ಟುಕೊಂಡದ್ದು.”

ಅವನಿಗೆ ಅಳುವೂ ನಗುವೂ ಒಟ್ಟಿಗೆ ಬಂದು ಬೆಲ್ಲ ಗಂಟಲಿಗೆ ಸಿಕ್ಕಿಕೊಂಡಿತು. ಅವಳು ಅವನ ನೆತ್ತಿ ತಟ್ಟಿದಳು.

“ಇನ್ನೇನು, ಬಸ್ ನಿಲ್ದಾಣಕ್ಕೇನಮ್ಮ?” ಎಂದ ರಿಕ್ಷಾದವನು, ಹೆದರುತ್ತಲೇ.

“ಮೊದಲು ಊಟದ ಹೋಟೆಲಿಗೆ ನಡಿ. ಇವರು ಬೆಳಗಿನಿಂದ ಹಸಿದಿದ್ದಾರೆ.”

ಕೇಳಿಸಿಕೊಂಡೆಯಾ, ತಮ್ಮಾ? ಅಲ್ಲಿಯವರೆಗೆ ‘ಅವರು’ ಆಗಿದ್ದವನು ‘ಇವರು’ ಆದ. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಅಣ್ಣನನ್ನೂ ಕರೆತಂದು ಊಟ ಹಾಕಿಸಿ, ಸಂಜೆ ಅವನೊಬ್ಬನನ್ನೇ ಬಸ್ಸು ಹತ್ತಿಸಿದರು. ಉದ್ಯಾನದಲ್ಲಿ ನೋಡದೆ ಉಳಿದದ್ದನ್ನು ಮರುದಿನ ಅದೇ ರಿಕ್ಷಾದಲ್ಲಿ ನೋಡಿದರು. ಆಲದ ಮರದ ಕತೆ, ಮೀನಿನ ಕತೆ ಎಲ್ಲವನ್ನೂ ಅವನು ಮನಸ್ಸು ತುಂಬ ಹೇಳಿದ. ಬಟ್ಟೆಗಂಟು ಆ ದಿನ ಕಾಲಬಳಿ ಇತ್ತು.

ಗುರು ಕತೆ ನಿಲ್ಲಿಸಿ ಕೈಗಂಟಿದ ಹುಣಸೆಯನ್ನು ಒರೆಸಿಕೊಂಡರು.

ಶಿಷ್ಯನ ಮುಖ ಅರಳಿತ್ತು. “ಹಾಗಾದರೆ ಆ ರಿಕ್ಷಾದವನು ಇಲ್ಲದಿದ್ದರೆ ಅವರು ಕೂಡುತ್ತಿರಲಿಲ್ಲ ಅಲ್ಲವೇ, ಗುರುಗಳೇ? ಮೂರನೆಯವನೊಬ್ಬ ಬೇಕೇ ಬೇಕು. ತಾವು ನಾಳೆ ಹೋದಾಗ ಆ ಮನುಷ್ಯನಿಗೆ...”

“ನಾಳೆಯ ಬಸ್ಸಿಗೆ ನಿನಗೂ ಚೀಟಿ ತೆಗೆಸಿಟ್ಟಿದ್ದೇನೆ,” ಎಂದರು ಗುರು. “ನಿನ್ನನ್ನು ಆ ಬಾಗಿಲವರೆಗೆ ಮುಟ್ಟಿಸುತ್ತೇನೆ, ಅಷ್ಟು ನನ್ನ ಕೆಲಸ.”

“ಅಲ್ಲಿ ಹೋಗಿ ನಾನು ಆ ಮನುಷ್ಯನನ್ನು ಏನೆಂದು ಮಾತಾಡಿಸಲಿ?”

“ಆ ಮನುಷ್ಯ, ಆ ಮನುಷ್ಯ ಎನ್ನುತ್ತೀಯಲ್ಲ ಮಗೂ, ನಿಮ್ಮಿಬ್ಬರನ್ನೂ ಹೆತ್ತವಳು ಅವನನ್ನು ಏನೆಂದು ಕೂಗುತ್ತಿದ್ದಳು?”