ಕೆರೆಗೆ ಬಡಿದ ಮುಳ್ಳು

"ಗುರುಗಳೇ, ಊರಿನಲ್ಲಿ ಸೌಹಾರ್ದ ಬೆಳೆಸಲು ಹೊರಟ ಹುಡುಗರಿಗೆ ಸಿಟ್ಟು ಇರಬಹುದೇ? ಪ್ರೀತಿಯ ಮಾತಾಡಬೇಕಾದವರೇ ಕೂಗಾಡಿದರೆ ಕೆಲಸ ಕೆಡುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ಊರು. ಅಲ್ಲಿ ಗುಡಿಯ ಓಣಿ, ದರ್ಗಾದ ಓಣಿ ಎಂದು ಎರಡು ಓಣಿಗಳು. ಎರಡಕ್ಕೂ ಕುಡಿಯುವ ನೀರಿನ ಕೆರೆ ಒಂದೇ. ಗುಡಿಯ ಓಣಿಯಲ್ಲಿ ಒಬ್ಬ ಗಾಣಿಗನಿಗೆ ನೀಲವ್ವ ಎಂಬ ಮಗಳಿದ್ದಳು. ದರ್ಗಾದ ಓಣಿಯಲ್ಲಿ ಹತ್ತಿ ಹಿಂಜುವವನ ಮಗಳು ಹುಸೇನಬಿ. ಇಬ್ಬರೂ ಒಂದೇ ವಾರಿಗೆಯವರು, ಚಿಕ್ಕಂದಿನಿಂದ ಒಟ್ಟಿಗೆ ನೀರಿಗೆ ಹೋದವರು. ಹುಸೇನಬಿ ಹೆರಿಗೆಗೆಂದು ತವರಿಗೆ ಬಂದು ಅಲ್ಲಿಯೇ ಉಳಿದಿದ್ದಳು. ಅವಳ ಕೂಸು ಆಗಷ್ಟೇ ಅಂಬೆಗಾಲಿಡುತ್ತಿತ್ತು.

ಒಂದು ಬೇಸಗೆಯಲ್ಲಿ ಗುಡಿಯ ಓಣಿಯ ಕೆಲವು ಮಕ್ಕಳಿಗೆ ವಾಂತಿಭೇದಿ ಹತ್ತಿತು. ದರ್ಗಾದ ಓಣಿಯವರು ಕೆರೆಗೆ ಏನೋ ಬೆರೆಸಿದ್ದಾರೆ ಎಂದು ಯಾರೋ ಅಂದರು. ಕಂಡವರು ಒಬ್ಬರೂ ಇರಲಿಲ್ಲ. ಸಂಜೆಯೊಳಗೆ ಎಲ್ಲರೂ ಕಣ್ಣಾರೆ ಕಂಡವರಂತೆ ಮಾತಾಡಿದರು. ಮರುದಿನ ಗುಡಿಯ ಓಣಿಯವರು ಕೆರೆಯಲ್ಲಿ ದರ್ಗಾದ ಓಣಿಯ ಕಡೆಯ ಮೆಟ್ಟಿಲುಗಳಿಗೆ ಜಾಲಿಮುಳ್ಳು ಬಡಿದರು. ದೊಣ್ಣೆ ಹಿಡಿದ ಹುಡುಗರನ್ನು ಕಾವಲಿಗೆ ನಿಲ್ಲಿಸಿದರು. ಅವರಲ್ಲಿ ನೀಲವ್ವನ ಅಣ್ಣನೂ ಒಬ್ಬ.

ದರ್ಗಾದ ಓಣಿಯವರು ದನ ತೊಳೆಯುವ ಹಳ್ಳದಿಂದ ನೀರು ತರತೊಡಗಿದರು. ಕೆರೆಗೆ ವಿಷ ಬಿದ್ದಿದೆ ಎಂದ ಗುಡಿಯ ಓಣಿಯವರು ಅದೇ ಕೆರೆಯ ನೀರನ್ನು ಕುಡಿಯುತ್ತಲೇ ಇದ್ದರು. ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ನೀಲವ್ವನಿಗೆ ಅನ್ನಿಸಿತು. ಅವಳು ಕಾಯಿಲೆ ಬಿದ್ದ ಮಕ್ಕಳ ಮನೆಗಳಿಗೆ ಹೋಗಿ ತಾಯಂದಿರನ್ನು ಮಾತಾಡಿಸಿದಳು. ಆಮೇಲೆ ಊರ ಗೌಡನ ಕಟ್ಟೆಯ ಮುಂದೆ ಕೈಮುಗಿದು ನಿಂತಳು.

"ಗೌಡರೇ, ಹಾಸಿಗೆ ಹಿಡಿದ ಮಕ್ಕಳೆಲ್ಲ ನಿಮ್ಮ ಮನೆಯ ತೊಟ್ಟಿಲ ಊಟಕ್ಕೆ ಬಂದವರು. ಊಟಕ್ಕೆ ಬಾರದ ಮಕ್ಕಳಿಗೆ ಏನೂ ಆಗಿಲ್ಲ. ಅಡುಗೆ ಹಳಸಿರಬೇಕು, ಬೇಕೆಂದು ಯಾರೂ ಮಾಡಿದ್ದಲ್ಲ. ನೀವು ಒಂದು ಮಾತು ಹೇಳಿದರೆ ಸಾಕು, ಆ ಮುಳ್ಳು ಕೀಳುತ್ತಾರೆ."

ಗೌಡನಿಗೆ ಈ ಸಂಗತಿ ಮೊದಲೇ ಗೊತ್ತಿತ್ತು. ಅವನು ಎಲೆಯಡಿಕೆ ಜಗಿಯುತ್ತ ಹೇಳಿದ: "ತಂಗೀ, ಈಗ ಊರು ತಣ್ಣಗಿದೆ. ಅವರಷ್ಟಕ್ಕೆ ಅವರು, ನಮ್ಮಷ್ಟಕ್ಕೆ ನಾವು. ಹೊಡೆದಾಟ ಇಲ್ಲ, ಬಡಿದಾಟ ಇಲ್ಲ. ಶಾಂತಿ ಕೆಡಿಸಬೇಡ."

ನೀಲವ್ವ ತಲೆ ತಗ್ಗಿಸಿ ಹಿಂದಿರುಗಿದಳು. ಗಾಣದ ಹಿತ್ತಲಿನಲ್ಲಿ ಎರಡೂ ಓಣಿಯ ಹುಡುಗ ಹುಡುಗಿಯರನ್ನು ಕೂಡಿಸಿ ವಿಷಯ ಹೇಳಿದಳು. ಅವರು ತಮ್ಮ ತಮ್ಮ ಹಿರಿಯರ ಬಳಿ ಹೋದರು. ಗುಡಿಯ ಓಣಿಯ ಹಿರಿಯರು, ಗೌಡರ ಮೇಲೆ ಮಾತಾಡುವಷ್ಟು ದೊಡ್ಡವರಾದಿರಾ ಎಂದು ಗದರಿಸಿದರು. ದರ್ಗಾದ ಓಣಿಯ ಹಿರಿಯರು, ಸ್ವಲ್ಪ ಬಗ್ಗಿ ನಡೆಯಿರಿ, ಮಳೆಗಾಲ ಬಂದರೆ ಎಲ್ಲ ಸರಿಹೋಗುತ್ತದೆ ಎಂದರು. ಹುಡುಗರು ಹಿರಿಯರ ಮಾತಿಗೆ ಬೆಲೆ ಕೊಟ್ಟು ಸುಮ್ಮನಾದರು.

ಮಳೆಗಾಲ ಬರುವ ಮುಂಚೆ ಹಳ್ಳದ ನೀರು ಕುಡಿದು ಹುಸೇನಬಿಯ ಕೂಸು ಸತ್ತುಹೋಯಿತು.

ಸುದ್ದಿ ತಿಳಿದು ಗೌಡ ನಾಲ್ಕು ಜನ ಹಿರಿಯರ ಜೊತೆ ದರ್ಗಾದ ಓಣಿಗೆ ಬಂದ. ಅಂಗಳದಲ್ಲಿ ಹಾಸಿದ ಚಾಪೆಯ ಮೇಲೆ ಕೂತು ಕಣ್ಣೊರೆಸಿಕೊಂಡ. ನಾವೆಲ್ಲ ಒಂದೇ ತಾಯಿಯ ಮಕ್ಕಳು, ದೇವರ ಇಚ್ಛೆಯ ಮುಂದೆ ಯಾರದೇನು ನಡೆಯುತ್ತದೆ ಎಂದ. ಎರಡೂ ಕಡೆಯ ಹಿರಿಯರು ತಲೆದೂಗಿದರು.

ನೀಲವ್ವ ಒಳಗೆ ಹುಸೇನಬಿಯ ಪಕ್ಕದಲ್ಲಿ ಕೂತಿದ್ದಳು. ಆ ಮಾತು ಕಿವಿಗೆ ಬಿದ್ದದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಎದ್ದು ಅಂಗಳಕ್ಕೆ ಬಂದಳು.

"ದೇವರ ತಲೆಗೆ ಕಟ್ಟಬೇಡ, ಗೌಡ!" ಎಂದು ಕೂಗಿದಳು. "ನಿನ್ನ ಮನೆಯ ಹಳಸಿದ ಅನ್ನ ಮುಚ್ಚಿಡುವುದಕ್ಕೆ ಇವರ ಬಾಯಿಗೆ ಹೊಲಸು ನೀರು ಹಾಕಿಸಿದೆ. ಒಂದೇ ತಾಯಿಯ ಮಕ್ಕಳಂತೆ! ಯಾವ ತಾಯಿ ಒಂದು ಮಗುವಿಗೆ ಕೆರೆಯ ನೀರು, ಇನ್ನೊಂದಕ್ಕೆ ದನದ ನೀರು ಕುಡಿಸುತ್ತಾಳೆ, ಹೇಳು!"

ಹೆಣ್ಣುಹುಡುಗಿಗೆ ಇಷ್ಟು ನಾಲಗೆಯೇ ಎಂದು ಒಬ್ಬ ಮುದುಕ ಗೊಣಗಿದ. ನೀಲವ್ವ ಅವನ ಕಡೆ ನೋಡಲೂ ಇಲ್ಲ. ಆ ಮನೆಯ ಖಾಲಿ ಮಣ್ಣಿನ ಕೊಡವನ್ನೇ ಎತ್ತಿಕೊಂಡು ಹೊರಟಳು.

ಅವಳ ಹಿಂದೆ ಗಾಣದ ಹಿತ್ತಲಿನಲ್ಲಿ ಕೂಡಿದ್ದ ಹುಡುಗರೆಲ್ಲ ಹೊರಟರು. ಕೆರೆಗೆ ಬಂದು ಬರಿಗೈಯಲ್ಲಿ ಮುಳ್ಳು ಕಿತ್ತರು. ಕೈಯಿಂದ ರಕ್ತ ಸುರಿಯುತ್ತಿದ್ದರೂ ಕಿತ್ತರು. ಕಾವಲಿಗಿದ್ದ ನೀಲವ್ವನ ಅಣ್ಣ ದೊಣ್ಣೆ ಬೀಸಿದ. ಅವಳ ಕಂಕುಳಲ್ಲಿದ್ದ ಕೊಡ ಚೂರುಚೂರಾಯಿತು.

ಅದನ್ನು ಕಂಡು ಹುಸೇನಬಿಯ ತಮ್ಮ ದಾವಲ ಕಲ್ಲು ಎತ್ತಿದ. ನೀಲವ್ವ ತಿರುಗಿ ಅವನ ಮೇಲೂ ಹರಿಹಾಯ್ದಳು: "ಕೆಳಗೆ ಹಾಕು ಅದನ್ನ! ನೀನು ಒಂದು ಕಲ್ಲು ಹೊಡೆದರೆ ನಾಳೆ ಊರೆಲ್ಲ ಆ ಕಲ್ಲಿನ ಮಾತೇ ಆಡುತ್ತದೆ. ನಿಮ್ಮ ಕೂಸಿನ ಹೆಸರು ಯಾರೂ ಎತ್ತುವುದಿಲ್ಲ."

ದಾವಲ ಅಳುತ್ತ ಕಲ್ಲು ಕೈಬಿಟ್ಟ. ನೀಲವ್ವ ಪಕ್ಕದವಳ ಕೊಡ ಇಸಿದುಕೊಂಡು ನೀರಿಗಿಳಿದಳು. ಅವಳ ಹಿಂದೆ ನೇಕಾರರ ಹುಡುಗಿ ಇಳಿದಳು, ಬಡಗಿಯ ಮಗ ಇಳಿದ, ಮುಲ್ಲಾನ ಮಗಳು ಇಳಿದಳು, ಪೂಜಾರಿಯ ಮೊಮ್ಮಗನೂ ಇಳಿದ. ಅಣ್ಣ ದೊಣ್ಣೆ ಎತ್ತಿಹಿಡಿದು ನಿಂತೇ ಇದ್ದ. ಇನ್ನು ಹೊಡೆಯಬೇಕಾದರೆ ಎರಡೂ ಓಣಿಯ ಮಕ್ಕಳನ್ನು ಹೊಡೆಯಬೇಕಿತ್ತು. ಅವನಿಂದ ಆಗಲಿಲ್ಲ. ದೊಣ್ಣೆ ಎಸೆದು ಮನೆಗೆ ಹೋದ.

ಆ ದಿನ ದರ್ಗಾದ ಓಣಿಯ ಪ್ರತಿ ಮನೆಗೂ ಅವರು ಕೆರೆಯ ನೀರು ಹೊತ್ತು ಹಾಕಿದರು. ಮುಂದೆ ಆ ಕೆರೆಗೆ ಯಾರೂ ಮುಳ್ಳು ಬಡಿಯಲಿಲ್ಲ. ಊರಿನಲ್ಲಿ ಯಾರ ಮೇಲಾದರೂ ಗಾಳಿಮಾತು ಎದ್ದರೆ ಆ ಹುಡುಗರು ಗುಂಪಾಗಿ ಮಾತಾಡಿದವನ ಮನೆಗೆ ಹೋಗಿ, ನೀನು ಕಂಡೆಯಾ, ಯಾವಾಗ ಕಂಡೆ ಎಂದು ಕೇಳುತ್ತಿದ್ದರು. ಉತ್ತರ ಸಿಗುವವರೆಗೆ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಬರಬರುತ್ತ ಜನ ನಾಲಗೆ ಬಿಗಿಹಿಡಿದರು. ಎರಡು ಓಣಿಗಳ ನಡುವೆ ಹೋಗಿಬರುವುದು ಮೊದಲಿನಂತಾಯಿತು. ಗೌಡ ಮಾತ್ರ ತಪ್ಪಾಯಿತು ಎನ್ನಲಿಲ್ಲ. ನೀಲವ್ವ ಅವನ ಮನೆಯ ಮುಂದೆ ಹಾದು ಹೋಗುವಾಗ ಒಮ್ಮೆಯೂ ಮುಖ ಸಡಿಲಿಸಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಮತ್ತೆ ಕೇಳಿದ: "ಊರು ಒಂದಾಯಿತು, ಸರಿ. ಆಮೇಲಾದರೂ ಅವಳು ಆ ಸಿಟ್ಟನ್ನು ಬಿಡಬಹುದಿತ್ತಲ್ಲವೇ, ಗುರುಗಳೇ?"

ಗುರು ಹೇಳಿದರು: "ಆ ಕೂಸು ಎದ್ದು ಬಂದಿದ್ದರೆ ಬಿಡುತ್ತಿದ್ದಳು."