ಗೋಡೆಯಾಚೆ ಕೆಲಸಕ್ಕೆ ಹೋದ ನೇಕಾರ

"ಮನೆಯಲ್ಲೇ ಇದ್ದು ಮನೆಯಲ್ಲಿ ಇಲ್ಲದ ಹಾಗೆ ಇರುವುದು ಹೇಗೆ, ಗುರುಗಳೇ?" ಎಂದು ವಾರಿಜಾ ಕೇಳಿದಳು.

ಇದು ವೈರಾಗ್ಯದ ಪ್ರಶ್ನೆಯೋ ಸಂಸಾರದ ಪ್ರಶ್ನೆಯೋ ಎಂದು ಗುರುಗಳು ನಕ್ಕರು.

ಸಂಸಾರದ್ದೇ ಎಂದಳು ಶಿಷ್ಯೆ. ಅವಳ ಕಚೇರಿಯವರು ಇನ್ನು ಮೇಲೆ ಮನೆಯಿಂದಲೇ ಕೆಲಸ ಮಾಡು ಎಂದು ಕಂಪ್ಯೂಟರು ಕೊಟ್ಟು ಕಳಿಸಿದ್ದರು. ನಡುಮನೆಯ ಮೂಲೆಯಲ್ಲಿ ಅದನ್ನಿಟ್ಟುಕೊಂಡು ಕೂತರೆ ಅತ್ತೆಗೆ ಹುಣಸೆಹಣ್ಣಿನ ಡಬ್ಬಿ ಸಿಗುವುದಿಲ್ಲ. ಸಿಲಿಂಡರಿನವನು ಬಾಗಿಲು ಬಡಿಯುತ್ತಾನೆ. ಎದುರುಮನೆಯವರು ಬೀಗದಕೈ ಕೊಟ್ಟು ಹೋಗುತ್ತಾರೆ. ಹೇಗೂ ಮನೆಯಲ್ಲೇ ಇದ್ದೀಯಲ್ಲ ಎನ್ನುತ್ತಾರೆ. ಕಚೇರಿಯಲ್ಲಿ ಸಂಜೆಗೆ ಮುಗಿಯುತ್ತಿದ್ದ ಕೆಲಸ ಈಗ ಮುಗಿಯುವುದೇ ಇಲ್ಲ. ಯಾರು ಕರೆದರೂ ಕಿವಿಗೆ ಬೀಳದ ಹಾಗೆ ಒಂದು ಉಪಾಯ ಹೇಳಿಕೊಡಿ ಎಂದು ಕೇಳಿಕೊಂಡಳು.

ಆ ಉಪಾಯ ಬಲ್ಲವನೊಬ್ಬನಿದ್ದ, ಅವನ ಕತೆ ಕೇಳು ತಾಯಿ ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬ ಅಣ್ಣನಿದ್ದ. ಇಬ್ಬರೂ ಸಾಹುಕಾರನ ಮಗ್ಗದ ಮನೆಯಲ್ಲಿ ನೆಲದಲ್ಲಿ ತೋಡಿದ ಅಕ್ಕಪಕ್ಕದ ಕುಣಿಗಳಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ತಂದೆ ಬೇಗ ಹೋಗಿದ್ದರಿಂದ ತಮ್ಮನಿಗೆ ಲಾಳಿ ಹಿಡಿಯುವುದನ್ನು ಕಲಿಸಿದವನು ಅಣ್ಣನೇ. ಲಾಳಿ ಆಡಿದ ಮೇಲೆ ಒಂದು ದೊಡ್ಡ ಬಡಿತ, ಅದರ ಬೆನ್ನಿಗೇ ಒಂದು ಸಣ್ಣ ಬಡಿತ. ಅಣ್ಣನಿಗೂ ಅದೇ ಅಭ್ಯಾಸ, ತಮ್ಮನಿಗೂ ಅದೇ. ಆ ಸೀಮೆಯಲ್ಲಿ ಬೇರೆ ಯಾರೂ ಹಾಗೆ ನೇಯುತ್ತಿರಲಿಲ್ಲ.

ಅಣ್ಣನಿಗೆ ಕಣ್ಣು ಮಂಜಾಯಿತು. ಒಂದು ದಿನ ತಮ್ಮ ಎಲ್ಲರ ಎದುರಿಗೆ, ಅಣ್ಣಾ, ನೀನಿನ್ನು ನೂಲು ಸುತ್ತುತ್ತ ಕೂತುಕೋ, ನೇಯುವುದು ನಮಗಿರಲಿ ಎಂದ. ತಮಾಷೆಗೇ ಅಂದದ್ದು. ಮಗ್ಗದ ಮನೆಯೆಲ್ಲ ನಕ್ಕಿತು. ಅಣ್ಣ ನಗಲಿಲ್ಲ, ಬೈಯಲೂ ಇಲ್ಲ. ಕುಣಿಯಿಂದ ಮೇಲೆ ಬಂದು ಕೈ ಒರೆಸಿಕೊಂಡು ಹೋದವನು ಹೆಂಡತಿಯ ತವರೂರಿಗೆ ಹೋಗಿಬಿಟ್ಟ. ಮತ್ತೆ ಬರಲಿಲ್ಲ.

ತಮ್ಮನಿಗೆ ತುತ್ತು ಇಳಿಯದಾಯಿತು. ಹೋಗಿ ಕಾಲು ಹಿಡಿಯಬೇಕು ಎಂದುಕೊಂಡ. ಆದರೆ ಮಗ್ಗದ ಮೇಲೆ ಹಾಸು ಇತ್ತು. ಹಾಸು ಎಂದರೆ ಉದ್ದಕ್ಕೆ ಬಿಗಿದ ನೂಲು. ಅದು ಪೂರ್ತಿ ನೇಯ್ದು ಮುಗಿಯುವ ತನಕ ಮಗ್ಗ ಬಿಟ್ಟು ಏಳುವ ಹಾಗಿಲ್ಲ. ಈ ಹಾಸು ಮುಗಿಯಲಿ, ಹೋಗುತ್ತೇನೆ ಎಂದ. ಅದು ಮುಗಿಯುವ ಹೊತ್ತಿಗೆ ಸಾಹುಕಾರ ಇನ್ನೊಂದು ಕೊಟ್ಟಿರುತ್ತಿದ್ದ. ಹೀಗೆ ವರ್ಷಗಳು ಹೋದವು. ನೇಕಾರನಿಗೆ ಒಬ್ಬಳು ಮಗಳು ಹುಟ್ಟಿದಳು. ದೊಡ್ಡಪ್ಪ ಎಂಬವನನ್ನು ಅವಳು ಕಂಡವಳಲ್ಲ.

ಆಮೇಲೆ ಸಾಹುಕಾರ ಮಗ್ಗದ ಮನೆ ಮುಚ್ಚಿದ. ನಿಮ್ಮ ನಿಮ್ಮ ಮಗ್ಗ ಮನೆಗೆ ಒಯ್ಯಿರಿ, ನೂಲು ಅಲ್ಲಿಗೇ ಕಳಿಸುತ್ತೇನೆ ಎಂದ. ನೇಕಾರ ಮನೆಯ ಹಿಂದಿನ ಕೋಣೆಯಲ್ಲಿ ಕುಣಿ ತೋಡಿ ಮಗ್ಗ ಹೂಡಿದ. ಇನ್ನೇನು, ಹೋಗುವ ಬರುವ ದಣಿವಿಲ್ಲ, ಎರಡರಷ್ಟು ನೇಯುತ್ತೇನೆ ಎಂದುಕೊಂಡ. ಅರ್ಧದಷ್ಟೂ ಆಗಲಿಲ್ಲ. ಹೆಂಡತಿ ಕಟ್ಟಿಗೆ ಒಡೆದುಕೊಡಿ ಎನ್ನುವಳು. ಮಗಳು ಬಂದು ಬೆನ್ನೇರುವಳು. ದಾರಿಯಲ್ಲಿ ಹೋಗುವವರೆಲ್ಲ ಜಗಲಿಗೆ ಬಂದು, ಬಾರಯ್ಯ, ಒಂದು ಎಲೆ ಹಾಕೋಣ ಎನ್ನುವರು. ಸಾಹುಕಾರನ ಕಡೆಯವನು ಬಂದು, ಮನೆಯಲ್ಲಿ ನೇಯುತ್ತೀಯೋ ನಿದ್ದೆ ಮಾಡುತ್ತೀಯೋ ಎಂದು ಕೇಳಿ ಹೋದ. ಮಗ್ಗದ ಮನೆಯಲ್ಲಿ ಯಾರಿಂದಲೂ ಅಂಥ ಮಾತು ಕೇಳಿದವನಲ್ಲ ಅವನು.

ಆಗ ಅವನು ಒಂದು ಕಟ್ಟಳೆ ಮಾಡಿದ. ಬೆಳಿಗ್ಗೆ ರೊಟ್ಟಿ ತಿಂದು, ಮಧ್ಯಾಹ್ನದ ಬುತ್ತಿ ಕಟ್ಟಿಸಿಕೊಂಡು, ತಲೆಗೆ ವಸ್ತ್ರ ಸುತ್ತಿ ಮುಂಬಾಗಿಲಿನಿಂದ ಹೊರಡುವನು. ಮನೆಯನ್ನು ಸುತ್ತಿ ಬಂದು ಹಿಂಬಾಗಿಲಿನಿಂದ ಮಗ್ಗದ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಳ್ಳುವನು. ದೀಪ ಹಚ್ಚುವ ಹೊತ್ತಿಗೆ ಅದೇ ದಾರಿಯಲ್ಲಿ ಸುತ್ತಿ ಬಂದು, ಮುಂಬಾಗಿಲಲ್ಲಿ ಕಾಲು ತೊಳೆದು ಮನೆಗೆ ಬರುವನು. ನಡುವೆ ಯಾರು ಬಂದು ಕೇಳಿದರೂ ಮನೆಯವರು, ಅವರು ಕೆಲಸಕ್ಕೆ ಹೋಗಿದ್ದಾರೆ ಎನ್ನಬೇಕು. ನೆರೆಯವರಿಗೆ ಅದೊಂದು ಆಟವಾಯಿತು.

"ಎಲ್ಲಿಗೆ ಹೊರಟೆ ಮಾರಾಯ, ಬುತ್ತಿ ಕಟ್ಟಿಕೊಂಡು?"

"ಕೆಲಸಕ್ಕೆ."

"ಬಹಳ ದೂರವೋ?"

"ಗೋಡೆಯಾಚೆ."

ನಗುವವರು ನಕ್ಕರು. ಅವನ ಕೆಲಸ ಮಾತ್ರ ಕುದುರಿತು. ಹೆಂಡತಿ ಕಟ್ಟಿಗೆಯನ್ನು ತಾನೇ ಒಡೆದುಕೊಂಡಳು. ಮಗಳಿಗಂತೂ ಈ ಕಟ್ಟಳೆ ಬಲು ಇಷ್ಟ. ಅಪ್ಪನನ್ನು ಕಾಯುವ ಕಾವಲುಗಾರ್ತಿ ತಾನೇ ಎಂದು ಜಗಲಿಯಲ್ಲಿ ಕೂತಿರುವಳು. ಬಂದವರೆಲ್ಲರಿಗೂ ಒಂದೇ ಮಾತು ಹೇಳಿ ಕಳಿಸುವಳು.

ಮೊದಮೊದಲು ನೇಕಾರನಿಗೆ ಹೊರಗಿನ ಮಾತೆಲ್ಲ ಕೇಳಿಸುತ್ತಿತ್ತು. ಬರಬರುತ್ತ ಕಿವಿ ಪಳಗಿತು. ಕೇಳಿಸಿದರೂ ಕೈ ನಿಲ್ಲುತ್ತಿರಲಿಲ್ಲ.

ಒಂದು ದಿನ ಹೆಂಡತಿ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ಮಗಳು ಜಗಲಿಯಲ್ಲಿದ್ದಳು. ಕೋಲೂರಿಕೊಂಡು ಒಬ್ಬ ಮುದುಕ ಬಂದ. ಮೂಳೆ ಚರ್ಮವಷ್ಟೇ ಉಳಿದಿದ್ದ ಆಳು. ಜಗಲಿಯ ಅಂಚಿಗೆ ಕೂತು ಉಸಿರು ಸುಧಾರಿಸಿಕೊಂಡು, ಅಪ್ಪ ಇದ್ದಾನೇನವ್ವ ಎಂದು ಕೇಳಿದ.

"ಇಲ್ಲ. ಕೆಲಸಕ್ಕೆ ಹೋಗಿದ್ದಾರೆ."

ಮುದುಕ ತಲೆ ಎತ್ತಿ ಕಿವಿಗೊಟ್ಟ. ಒಳಗೆ ಮಗ್ಗ ಆಡುತ್ತಿತ್ತು. ಒಂದು ದೊಡ್ಡ ಬಡಿತ, ಅದರ ಬೆನ್ನಿಗೇ ಒಂದು ಸಣ್ಣ ಬಡಿತ.

"ಹಾಗಾದರೆ ಒಳಗೆ ನೇಯುತ್ತಿರುವವರು ಯಾರು?"

ಮಗು ಕಟ್ಟಳೆ ಮುರಿಯಲಿಲ್ಲ. ಯಾರೂ ಇಲ್ಲ ಎಂದಿತು.

ಮುದುಕ ಗೋಡೆಯ ಕಡೆಗೆ ತಿರುಗಿ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, ತಮ್ಮಾ ಎಂದು ಒಂದೇ ಸಲ ಕರೆದ.

ನೇಕಾರನಿಗೆ ಅದು ಕೇಳಿಸಿತು. ಅಣ್ಣನ ದನಿಯ ಹಾಗಿದೆ ಎನಿಸಿತು. ನಿಜವಾಗಿ ಅವನೇ ಆಗಿದ್ದರೆ ಕೂತಿರುತ್ತಾನೆ, ಇಷ್ಟು ವರ್ಷ ಆದ ಮೇಲೆ ಬಂದವನು ಸಂಜೆಯವರೆಗೆ ಕೂರಲಾರನೇ ಎಂದುಕೊಂಡ. ಲಾಳಿ ಆ ಕಡೆಯಿಂದ ಈ ಕಡೆಗೆ ಬಂತು. ಕೈ ಬಡಿಯಿತು.

ಮುದುಕ ಸ್ವಲ್ಪ ಹೊತ್ತು ಆ ಸದ್ದು ಕೇಳುತ್ತ ಕೂತಿದ್ದ. ಮಗುವಿನ ಹತ್ತಿರ ನೀರು ಕೇಳಿ ಕುಡಿದ. ಅದರ ತಲೆಯ ಮೇಲೆ ಕೈಯಿಟ್ಟ. ಕೋಲೂರಿಕೊಂಡು ಹೋದ.

ಸಂಜೆ ನೇಕಾರ ಮನೆಯನ್ನು ಸುತ್ತಿ ಬಂದಾಗ ಜಗಲಿ ಬರಿದಾಗಿತ್ತು. ಯಾರಾದರೂ ಬಂದಿದ್ದರೇ ಎಂದು ಮಗಳನ್ನು ಕೇಳಿದ. ಅವಳು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಹೇಳಿ, ಅಪ್ಪ ಮೆಚ್ಚುತ್ತಾನೆಂದು ಮುಖ ನೋಡುತ್ತ ನಿಂತಳು. ಅವನು ಕಾಲನ್ನೂ ತೊಳೆಯದೆ ಹೊಸ್ತಿಲಲ್ಲೇ ಕೂತ.

ಈಗಲೇ ಹೊರಡಿ, ದಾರಿಯಲ್ಲೇ ಸಿಕ್ಕಾರು ಎಂದಳು ಹೆಂಡತಿ. ಬರಿಗೈಯಲ್ಲಿ ಯಾವ ಮುಖ ಹೊತ್ತು ಹೋಗಲಿ ಎಂದ ಅವನು. ಹಾಸಿನಲ್ಲಿ ಇನ್ನು ಸ್ವಲ್ಪವೇ ಉಳಿದಿದೆ, ಈ ಸೀರೆ ಮುಗಿಸಿ, ಅದರ ಬೆಲೆಯನ್ನು ಸಾಹುಕಾರ ಕೊಡುವ ಕೂಲಿಯಲ್ಲಿ ಮುರಿಸಿ ಅತ್ತಿಗೆಗೆ ಒಯ್ಯುತ್ತೇನೆ, ಅದನ್ನು ಅವರ ಮಡಿಲಿಗೆ ಹಾಕಿ ಅಣ್ಣನ ಕಾಲಿಗೆ ಬೀಳುತ್ತೇನೆ ಎಂದ. ಹೆಂಡತಿಗೆ ಸಿಟ್ಟು ಬಂತು. ನಿಮ್ಮ ಅಣ್ಣನೂ ನಿಮ್ಮ ಹಾಸಿನ ಅಳತೆಗೇ ಬದುಕಿರಬೇಕೇನು ಎಂದಳು. ಅವನು ಮರುದಿನವೂ ಬುತ್ತಿ ಹಿಡಿದು ಮುಂಬಾಗಿಲಿನಿಂದ ಹೊರಟ.

ಸೀರೆ ಮುಗಿಯಿತು. ಮಗ್ಗದಿಂದ ಕೊಯ್ದು, ಮಡಿಸಿ, ಹೆಗಲಿಗೆ ಹಾಕಿಕೊಂಡು ಅಣ್ಣನ ಊರಿಗೆ ನಡೆದ. ಅತ್ತಿಗೆ ಬಾಗಿಲಲ್ಲಿ ಕೂತಿದ್ದಳು. ಹಣೆ ಬರಿದಾಗಿತ್ತು.

ಬಾ ತಮ್ಮಾ ಎಂದಳು. ಬೈಯಲಿಲ್ಲ. ಕಾಯಿಲೆ ವಾಸಿಯಾಗುವುದಲ್ಲ ಎಂದು ವೈದ್ಯರು ಹೇಳಿದ ದಿನವೇ ಅವರು ಎದ್ದು ಹೊರಟರು, ನಾನು ತಡೆದರೆ ಕೇಳಲಿಲ್ಲ ಎಂದು ಹೇಳಿದಳು. ತಿರುಗಿ ಬಂದವರು ಹಾಸಿಗೆ ಹಿಡಿದರಂತೆ. ಮಗು ಕೊಟ್ಟ ನೀರು ಕುಡಿದೆ ಎಂದು ಎರಡು ಸಲ ಹೇಳಿದರಂತೆ.

ನನ್ನ ಮೇಲೆ ಸಿಟ್ಟಿತ್ತೇ ಅತ್ತಿಗೆ ಎಂದು ನೇಕಾರ ಕೇಳಿದ.

"ಇಲ್ಲಪ್ಪ. ನಾನು ಕರೆದೆ, ಅವನ ಬಡಿತ ನಿಲ್ಲಲಿಲ್ಲ, ಕೈ ಚೆನ್ನಾಗಿ ಪಳಗಿದೆ ಅಂದರು. ಆಮೇಲೆ ಗೋಡೆಯ ಕಡೆಗೆ ಮಗ್ಗುಲಾದರು."

ನೇಕಾರ ಸೀರೆಯನ್ನು ಮುಂದೆ ಚಾಚಿದ. ಅತ್ತಿಗೆ ಅದರ ಅಂಚನ್ನು ಬೆರಳಿನಿಂದ ಸವರಿ ನೋಡಿದಳು. ಈ ಬಣ್ಣ ಇನ್ನು ನಾನು ಉಡುವ ಹಾಗಿಲ್ಲವಲ್ಲ ತಮ್ಮಾ ಎಂದು, ಅದನ್ನು ಮಡಿಕೆ ಕೆಡದ ಹಾಗೆ ಅವನ ಕೈಗೇ ಕೊಟ್ಟಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವಾರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಕಂಡಕಂಡವರು ಕರೆದಾಗಲೆಲ್ಲ ಎದ್ದು ಬರುತ್ತಿದ್ದರೆ ಅವನ ಕೆಲಸ ಕೆಡುತ್ತಿರಲಿಲ್ಲವೇ ಗುರುಗಳೇ ಎಂದು ಕೇಳಿದಳು.

"ಅಣ್ಣ ಬಂದು ಕರೆದ ದಿನ ಅವನು ನೇಯ್ದದ್ದರಲ್ಲಿ ಒಂದೆಳೆಯೂ ಕೆಟ್ಟಿರಲಿಲ್ಲ, ತಾಯಿ," ಎಂದರು ಗುರುಗಳು.