ಗುರುಗಳ ಸೊಂಟನೋವು

ಭಗವಂತನ ಕೃಪೆಯಿಂದ ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ ಬಡವರಿಗೆ ವೈದ್ಯಸೇವೆ ನಡೆಯುತ್ತಿತ್ತು. ನಡೆಸುತ್ತಿದ್ದವರು ವೈದ್ಯರೂ ಸನ್ಯಾಸಿಗಳೂ ಆದ ಶಮಾನಂದರು. ಶಿಷ್ಯ ಶ್ರೀಕರ ಆಗಷ್ಟೇ ವೈದ್ಯಕೀಯ ಮುಗಿಸಿ ಬಂದವನು.

ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತೆಂದು ಹಮಾಲಿ ದುರುಗಪ್ಪ ಬಂದ.

“ಸ್ಕ್ಯಾನ್‌ಗೆ ಬರೆದಿದ್ದೇನೆ ಗುರುಗಳೇ,” ಎಂದ ಶ್ರೀಕರ.

“ಅವನನ್ನು ಏನು ಕೇಳಿದೆ?”

“ಎಲ್ಲಿ ನೋವು ಅಂತ.”

ಗುರುಗಳು ಚೀಟಿ ಹರಿದರು. ದುರುಗಪ್ಪನ ಪಕ್ಕ ಕುಳಿತು ತಾವೇ ವಿಚಾರಿಸಿದರು. ಬಿದ್ದಿಲ್ಲ, ಜ್ವರವಿಲ್ಲ, ಮೈ ಇಳಿದಿಲ್ಲ. ಮೂತ್ರ ಸಲೀಸು. ಕಾಲಿನಲ್ಲಿ ಬಲವಿದೆ.

“ಮಲಗಿಬಿಡಬೇಡ, ಓಡಾಡಿಕೊಂಡಿರು. ಒಂದೂವರೆ ತಿಂಗಳಾದರೂ ಇಳಿಯದಿದ್ದರೆ ಬಾ. ಕಾಲು ಸೋತರೆ, ಮೂತ್ರ ಕಟ್ಟಿದರೆ ಆ ಗಳಿಗೆಯಲ್ಲೇ ಬಾ.”

“ಫೋಟೋ ತೆಗೀದೇ ವಾಸಿ ಆಗ್ತದಾ ಬುದ್ಧೀ?”

“ಫೋಟೋ ತೆಗೆದರೆ ನೋವು ಹೋಗುತ್ತೆ ಅಂತ ಯಾರಯ್ಯಾ ಹೇಳಿದ್ದು?”

ತಿಂಗಳೊಳಗೆ ದುರುಗಪ್ಪ ಮತ್ತೆ ಮೂಟೆ ಹೊರತೊಡಗಿದ.

ಮಾರ್ಗಶಿರದ ದಶಮಿಯಂದು ಗುರುಗಳಿಗೇ ಸೊಂಟ ಹಿಡಿಯಿತು. ಏಕಾದಶಿಯ ಬೆಳಗಿಗೂ ಇಳಿದಿರಲಿಲ್ಲ.

“ಸ್ಕ್ಯಾನ್ ಗೀನ್ ಏನೂ ಬೇಡವಂತೆ,” ಎಂದರು ಅಡುಗೆಯ ಅನಸೂಯಮ್ಮ.

ಶ್ರೀಕರ ಪಾದಕ್ಕೆರಗಿದ. ದುರುಗಪ್ಪನನ್ನು ಕೇಳಿದ್ದನ್ನೇ ಗುರುಗಳನ್ನೂ ಕೇಳಬೇಕಿತ್ತು. ದೇವರಂಥವರನ್ನು ಅದೆಲ್ಲ ಕೇಳುವುದು ಹೇಗೆ? ಹರಿಯನ್ನು ನೆನೆದು ಬಾಯಿಬಿಟ್ಟ.

“ಮೂತ್ರ ಆಗ್ತಿದೆಯಾ ಗುರುಗಳೇ?”

“ಛೀ, ಯಾರ ಹತ್ತಿರ ಏನು ಕೇಳ್ತಿದ್ದೀಯೋ!” ಅನಸೂಯಮ್ಮ ಕಿವಿ ಮುಚ್ಚಿಕೊಂಡರು.

“ನಿನ್ನೆ ಸಂಜೆಯಿಂದ ಇಲ್ಲ,” ಎಂದರು ಗುರುಗಳು. “ಉಪವಾಸವಲ್ಲವೇ, ಅದಕ್ಕಿರಬೇಕು.”

“ಕೂರುವ ಜಾಗ ಮರಗಟ್ಟಿದೆಯಾ?”

“ಹೂಂ.”

ಶ್ರೀಕರ ಪಾದದಡಿ ಅಂಗೈ ಇಟ್ಟ. “ಜೋರಾಗಿ ಒದೆಯಿರಿ.”

ಅನಸೂಯಮ್ಮ “ಶಿವಶಿವಾ” ಎಂದರು. ಗುರುಗಳು ಹಲ್ಲು ಕಚ್ಚಿ ಒದ್ದರು. ಅಂಗೈಗೆ ಏನೂ ತಾಕಿದಂತಾಗಲಿಲ್ಲ.

“ಈಗಲೇ ಪಟ್ಟಣದ ಆಸ್ಪತ್ರೆಗೆ ಹೊರಡಬೇಕು. ಸ್ಕ್ಯಾನ್ ಆಗಲೇಬೇಕು. ತಡವಾದರೆ ಈ ಪಾದ ನಡೆಯೋದಿಲ್ಲ.”

“ಇವತ್ತು ಭಜನೆಗೆ ಊರೆಲ್ಲ ಬರುತ್ತದೆ. ನಾಳೆ ನೋಡೋಣ.”

“ನಾಳೆ ಆಗೋದಿಲ್ಲ.”

“ಗುರುವಾಕ್ಯ ಮೀರ್ತೀಯೇನೋ?” ಅನಸೂಯಮ್ಮ ರೇಗಿದರು.

“ಮೀರ್ತೀನಮ್ಮ.” ಕಣ್ಣು ತುಂಬಿತ್ತು. ದನಿ ಅಲುಗಲಿಲ್ಲ.

ಗುರುಗಳು ಅವನನ್ನೇ ದಿಟ್ಟಿಸಿದರು. ನೋವಿನಲ್ಲಿ ಬಾಡಿದ್ದ ಆ ಮುಖದಲ್ಲಿ ಬೆಳಗಿದ ಹೆಮ್ಮೆಯನ್ನು ಏನೆಂದು ಹೇಳಲಿ!

“ಜೀಪು ತರಿಸು ತಾಯಿ,” ಎಂದರು. “ನಮ್ಮ ಡಾಕ್ಟರು ಹೇಳಿದ್ದಾರೆ.”